ಮನೆಯಲ್ಲಿರುವ ವೀಚಾಟ್ ಅನ್ನು ಮೊಬೈಲ್‌ನಿಂದ ನಡೆಸೋದು ಹೇಗೆ?

ವಿಜಯನಗರದಿಂದ ಪ್ರಶ್ನೆ:
ಮನೆಯ ಲಿನಕ್ಸ್ ಕಂಪ್ಯೂಟರಿನಲ್ಲಿ ವೀಚಾಟ್ (WeeChat, ಟರ್ಮಿನಲ್ ಅಂದರೆ ಬರೀ ಅಕ್ಷರಗಳ ಕಿಟಕಿಯಲ್ಲಿ ನಡೆಯುವ ಚಾಟ್ ಪ್ರೋಗ್ರಾಮ್; ಚೀನಾದ WeChat ಅಲ್ಲ) ಯಾವಾಗಲೂ ಓಡುತ್ತಿರುತ್ತದೆ. ಐಆರ್‌ಸಿಯಲ್ಲಿ (ಹಳೆಯ ಗುಂಪು ಚಾಟ್ ವ್ಯವಸ್ಥೆ) ಕೆಲವು ಚಾನೆಲ್‌ಗಳಿವೆ, ಅದರಲ್ಲೊಂದು ನಮ್ಮ ಕನ್ನಡ ಗೆಳೆಯರದ್ದು. ಕೆಲಸ ವೈಟ್‌ಫೀಲ್ಡ್‌ನಲ್ಲಿ. ಮೆಟ್ರೋದಲ್ಲಿ ಕೂತು ಆಂಡ್ರಾಯ್ಡ್ ಫೋನಿನಿಂದ ಅದೇ ವೀಚಾಟ್‌ನಲ್ಲಿ ಓದಿ, ಉತ್ತರ ಬರೆಯೋಕೆ ಆಗುತ್ತಾ? ಫೋನಿನಿಂದ ಬೇರೆ ಲಾಗಿನ್ ಆದರೆ ಹಿಂದಿನ ಮಾತುಕತೆ ಸಿಗಲ್ಲ. ಮಾಡಿ ನೋಡಿದವರು ಹೇಳಿ.

ಇಂದಿರಾನಗರದಿಂದ:
ಖಂಡಿತ ಆಗುತ್ತದೆ. ವೀಚಾಟ್ ಅನ್ನು ಟಿಮಕ್ಸ್ ಒಳಗೆ ಓಡಿಸಿ, ನೀವು ಸಂಪರ್ಕ ಬಿಟ್ಟರೂ ಅದು ನಿಲ್ಲದಂತೆ ಟಿಮಕ್ಸ್ ನೋಡಿಕೊಳ್ಳುತ್ತದೆ. ಫೋನಿನಲ್ಲಿ ಟರ್ಮಕ್ಸ್ (ಆಂಡ್ರಾಯ್ಡ್‌ನ ಟರ್ಮಿನಲ್ ಆ್ಯಪ್) ಹಾಕಿಕೊಳ್ಳಿ. ದೂರದ ಕಂಪ್ಯೂಟರಿಗೆ ಲಾಗಿನ್ ಆಗಲು ಬರೀ ಎಸ್‌ಎಸ್‌ಎಚ್ ಸಾಲದು, ಸಿಗ್ನಲ್ ತಪ್ಪಿದರೂ ಸಂಪರ್ಕ ಉಳಿಸಿಕೊಳ್ಳುವ ಮಾಶ್ ಬಳಸಿ. ಕಬ್ಬನ್ ಪಾರ್ಕ್‌ನಿಂದ ಮೆಜೆಸ್ಟಿಕ್‌ವರೆಗೆ ರೈಲು ನೆಲದಡಿ ಹೋಗುವಾಗ ನನ್ನ ಫೋನಿನಲ್ಲಿ ಸಿಗ್ನಲ್ ಬಂದು ಹೋಗಿ ಮಾಡುತ್ತಿರುತ್ತದೆ. ಆಗ ಮಾಶ್‌ನಲ್ಲಿ ಮೇಲ್ಗಡೆ ಒಂದು ನೀಲಿ ಪಟ್ಟಿ ಬಂದು, ಸಂಪರ್ಕ ತಪ್ಪಿ ಎಷ್ಟು ಸೆಕೆಂಡ್ ಆಯಿತು ಅಂತ ತೋರಿಸುತ್ತದೆ. ಸಿಗ್ನಲ್ ಬಂದ ಕೂಡಲೇ ಪಟ್ಟಿ ಮಾಯ. ಬಿಟ್ಟ ಕಡೆಯಿಂದ ಬರೆಯಬಹುದು, ಮತ್ತೆ ಲಾಗಿನ್ ಬೇಡ.

ಮಲ್ಲೇಶ್ವರದಿಂದ:
ಮಾಶ್ ಒಳ್ಳೆಯದೇ. ಆದರೆ ನೀವು ಕನ್ನಡದಲ್ಲಿ ಚಾಟ್ ಮಾಡುವವರು, ಅಲ್ವಾ? ಟರ್ಮಿನಲ್‌ನಲ್ಲಿ ಒತ್ತಕ್ಷರ ಸರಿಯಾಗಿ ಕೂರುವುದಿಲ್ಲ. ಅದು ಅಕ್ಷರಗಳನ್ನು ಒಂದೇ ಅಳತೆಯ ಚೌಕಗಳಲ್ಲಿ ಕೂರಿಸಲು ನೋಡುತ್ತದೆ. ‘ಎಲ್ಲಿದ್ದೀರಿ’ ಅಂತ ಬಂದರೆ ಒತ್ತು ಒಂದು ಕಡೆ, ದೀರ್ಘ ಇನ್ನೊಂದು ಕಡೆ. ಪುಟ್ಟ ಪರದೆಯಲ್ಲಿ ಓದೋದು ಹಿಂಸೆ. ಹಾಗಾಗಿ ನನ್ನ ಓಟು ರಿಲೇಗೆ, ಅಂದರೆ ಫೋನಿನ ಆ್ಯಪ್ ದೂರದಿಂದಲೇ ವೀಚಾಟ್‌ಗೆ ಸೇರುವ ದಾರಿಗೆ.

ವೀಚಾಟ್‌ನಲ್ಲೇ ರಿಲೇ ಪ್ಲಗಿನ್ ಇದೆ. ಅದಕ್ಕೊಂದು ಪೋರ್ಟ್ ಕೊಡಿ (ಸಂಪರ್ಕ ಬರುವ ಬಾಗಿಲಿನ ಸಂಖ್ಯೆ; 9001 ಅನ್ನು ಜಾಸ್ತಿ ಜನ ಇಡುತ್ತಾರೆ), ಗಟ್ಟಿ ಪಾಸ್‌ವರ್ಡ್ ಹಾಕಿ. ಫೋನಿನಲ್ಲಿ ವೀಚಾಟ್ ಆಂಡ್ರಾಯ್ಡ್ ಆ್ಯಪ್ ಹಾಕಿ ಅದಕ್ಕೆ ಸೇರಿಸಿ. ಚಾನೆಲ್‌ಗಳು, ಹಳೆಯ ಸಾಲುಗಳು ಎಲ್ಲಾ ಬರುತ್ತವೆ. ಕನ್ನಡ ಅಕ್ಷರ ಮುದ್ದಾಗಿ ಕಾಣುತ್ತದೆ. ಐಫೋನ್ ಇದ್ದರೆ ಬ್ರೌಸರಿನಲ್ಲಿ ಗ್ಲೋಯಿಂಗ್ ಬೇರ್ (ರಿಲೇಗೆ ಸೇರುವ ವೆಬ್ ಪುಟ) ತೆರೆಯಿರಿ.

ಒಂದು ವಿಷಯ ಮಾತ್ರ ದಯವಿಟ್ಟು ಹಗುರವಾಗಿ ತಗೋಬೇಡಿ. ರಿಲೇ ಪಾಸ್‌ವರ್ಡ್ ಬೇರೆಯವರಿಗೆ ಸಿಕ್ಕರೆ ಹೋಗೋದು ಚಾಟ್ ಮಾತ್ರ ಅಲ್ಲ. ವೀಚಾಟ್‌ನ ಎಕ್ಸೆಕ್ ಕಮಾಂಡ್ ಕಂಪ್ಯೂಟರಿನ ಬೇರೆ ಪ್ರೋಗ್ರಾಮ್‌ಗಳನ್ನೂ ಓಡಿಸುತ್ತದೆ. ನಿಮ್ಮ ಫೈಲ್‌ಗಳೆಲ್ಲ ಅವರ ಕೈಗೆ ಹೋದಂತೆ. ಫೋನಿನಿಂದ ಯಾವ ಕಮಾಂಡ್ ನಡೆಯಬಹುದು ಅಂತ ರಿಲೇ ಸೆಟ್ಟಿಂಗ್‌ನಲ್ಲಿ ಹೇಳಬಹುದು. ಬಫರ್, ಇನ್‌ಪುಟ್, ಜಾಯಿನ್ ತರಹ ಬೇಕಾದ ಕೆಲವನ್ನು ಬಿಟ್ಟು ಉಳಿದದ್ದು ಮುಚ್ಚಿಬಿಡಿ.

ವಿಜಯನಗರದಿಂದ:
ರಿಲೇ ಮನೆಯ ವೈಫೈನಲ್ಲಿ ಚೆನ್ನಾಗಿ ನಡೀತಿದೆ ಸಾರ್, ತುಂಬಾ ಥ್ಯಾಂಕ್ಸ್. ಆದರೆ ರೂಟರಿನಲ್ಲಿ ಪೋರ್ಟ್ ತೆರೆದರೂ ಹೊರಗಡೆಯಿಂದ ಸಿಗ್ತಾ ಇಲ್ಲ.

ಮಲ್ಲೇಶ್ವರದಿಂದ:
ರೂಟರಿನ ಪುಟದಲ್ಲಿ ವ್ಯಾನ್ ಐಪಿ (ಇಂಟರ್‌ನೆಟ್ ಕಡೆಯಿಂದ ರೂಟರಿಗೆ ಸಿಕ್ಕಿರುವ ವಿಳಾಸ) ನೋಡಿ. 100.64 ರಿಂದ 100.127 ರ ಒಳಗೆ ಶುರುವಾಗುತ್ತಿದ್ದರೆ ನಿಮಗೆ ಸ್ವಂತ ಪಬ್ಲಿಕ್ ವಿಳಾಸ ಇಲ್ಲ, ಇಂಟರ್‌ನೆಟ್ ಕಂಪನಿಯವರು ಒಂದೇ ವಿಳಾಸವನ್ನು ಹಲವು ಮನೆಗಳಿಗೆ ಹಂಚಿರುತ್ತಾರೆ. ಪೋರ್ಟ್ ತೆರೆದು ಪ್ರಯೋಜನವಿಲ್ಲ. ಸುಮ್ನೆ ಅದನ್ನು ಮುಚ್ಚಿ, ಕಂಪ್ಯೂಟರಿಗೂ ಫೋನಿಗೂ ಟೇಲ್‌ಸ್ಕೇಲ್ (ನಿಮ್ಮ ಸಾಧನಗಳನ್ನಷ್ಟೇ ಜೋಡಿಸುವ ಖಾಸಗಿ ಜಾಲ) ಹಾಕಿ. ಸ್ವಂತ ಬಳಕೆಗೆ ದುಡ್ಡು ಕೊಡಬೇಕಿಲ್ಲ. ಅದು ಕೊಡುವ ವಿಳಾಸಕ್ಕೇ ರಿಲೇಯನ್ನು ಕಟ್ಟಿಹಾಕಿ. ಆಗ ಹೊರಗಿನವರಿಗೆ ಆ ಪೋರ್ಟ್ ಕಾಣುವುದೇ ಇಲ್ಲ.

ಬನಶಂಕರಿಯಿಂದ:
ಕರೆಂಟ್ ಹೋದಾಗಿನ ಮಾತನ್ನು ಯಾರೂ ಎತ್ತಲಿಲ್ಲ. ನೀವು ವೈಟ್‌ಫೀಲ್ಡ್‌ನಲ್ಲಿರುವಾಗ ಮನೆಯಲ್ಲಿ ಕರೆಂಟ್ ಹೋದರೆ ಮುಗೀತು. ಕಂಪ್ಯೂಟರಿನ ಬಯೋಸ್‌ನಲ್ಲಿ (ಆನ್ ಮಾಡುವಾಗ ತೆರೆಯುವ ಮೂಲ ಸೆಟ್ಟಿಂಗ್ ಪರದೆ), ಕರೆಂಟ್ ಬಂದ ತಕ್ಷಣ ತಾನಾಗೇ ಆನ್ ಆಗುವ ಸೆಟ್ಟಿಂಗ್ ಇದೆಯಾ ನೋಡಿ, ಅದನ್ನು ಹಾಕಿ. ವೀಚಾಟ್ ಹೆಡ್‌ಲೆಸ್ (ಪರದೆ ಇಲ್ಲದೆ ಹಿಂದೆಯೇ ಓಡುವ ರೂಪ) ಅನ್ನು ಸಿಸ್ಟಮ್‌ಡಿಗೆ (ಲಿನಕ್ಸ್‌ನಲ್ಲಿ ಪ್ರೋಗ್ರಾಮ್‌ಗಳನ್ನು ತಾನಾಗೇ ಶುರು ಮಾಡುವ ವ್ಯವಸ್ಥೆ) ಸೇರಿಸಿ, ಯಾರೂ ಲಾಗಿನ್ ಆಗದಿದ್ದರೂ ಶುರುವಾಗುತ್ತದೆ. ರೂಟರಿಗೆ ಚಿಕ್ಕ ಯುಪಿಎಸ್ ಸಿಗುತ್ತದೆ, ಅದೂ ಇರಲಿ. ಫೋನಿನಲ್ಲಿ ಟೇಲ್‌ಸ್ಕೇಲ್‌ಗೂ ಚಾಟ್ ಆ್ಯಪ್‌ಗೂ ಬ್ಯಾಟರಿ ಉಳಿಸುವ ಮಿತಿಯನ್ನು ತೆಗೆದುಬಿಡಿ. ಇಲ್ಲದಿದ್ದರೆ ಫೋನೇ ಎರಡನ್ನೂ ನಿಲ್ಲಿಸಿಬಿಡಬಹುದು.