ಆಗಷ್ಟೇ ಕೇಳಿದ ಮಾತನ್ನು ಒಳಗೊಳಗೇ ಹೇಳಿಕೊಳ್ಳುವುದಕ್ಕೆ ಏನನ್ನುತ್ತೀರಿ?

ಕಾಕ್ಲಿಯರ್ ಇಂಪ್ಲಾಂಟ್ (ಕಿವಿ ಕೇಳಿಸದವರ ಒಳಗಿವಿಗೆ ಶಸ್ತ್ರಚಿಕಿತ್ಸೆ ಮಾಡಿ ಕೂರಿಸುವ, ಸದ್ದನ್ನು ವಿದ್ಯುತ್ತಾಗಿಸಿ ನರಕ್ಕೆ ಮುಟ್ಟಿಸುವ ಸಾಧನ) ಆಗಿರುವ ಮಕ್ಕಳ ಅಪ್ಪ ಅಮ್ಮಂದಿರಿಗಾಗಿ ಒಂದು ಕಿರು ಕೈಪಿಡಿ ಬರೆಯುತ್ತಿದ್ದೇನೆ. ಒಂದು ಪದದ ಹತ್ತಿರ ಬಂದು ನಿಂತು ಎರಡು ವಾರವಾಯಿತು. ಇಂಗ್ಲಿಷಿನವರು ಅದನ್ನು ವರ್ಬಲ್ ರಿಹರ್ಸಲ್ ಎನ್ನುತ್ತಾರೆ. ಮೊದಲ ಕರಡಿನಲ್ಲಿ ನಾನು 'ಶಾಬ್ದಿಕ ಪೂರ್ವಾಭ್ಯಾಸ' ಎಂದು ಬರೆದಿದ್ದೆ. ಓದಿದ ತಾಯಿಯೊಬ್ಬರು "ಸ್ಕೂಲ್ ಡೇಗೆ ಮಾಡಿಸ್ತಾರಲ್ಲ, ಅದಾ?" ಎಂದರು. ಅವರು ಕೇಳಿದ್ದು ಸರಿಯಾಗಿಯೇ ಇದೆ. ಪೂರ್ವಾಭ್ಯಾಸ ನಾಟಕಕ್ಕೆ ಮುಂಚೆ ನಡೆಯುವುದು. ಇದು ಮಾತು ಕಿವಿಗೆ ಬಿದ್ದ ಮೇಲೆ ನಡೆಯುವುದು.

ಅಂಗಡಿಗೆ ಕಳಿಸಿದ ಮಗು "ಅರ್ಧ ಕೆಜಿ ಬೆಲ್ಲ, ಕಾಲು ಕೆಜಿ ಕಡ್ಲೆಬೇಳೆ, ಒಂದು ಬೆಂಕಿಪೊಟ್ಣ" ಎಂದು ದಾರಿಯುದ್ದಕ್ಕೂ ಹೇಳಿಕೊಂಡು ಹೋಗುತ್ತದಲ್ಲ, ನನಗೆ ಬೇಕಾದ ಪದ ಅದಕ್ಕೆ. ಚಿಕ್ಕವರಿದ್ದಾಗ ಬಾಯಿಬಿಟ್ಟು ಹೇಳುತ್ತೇವೆ, ಆಮೇಲೆ ತುಟಿ ಮಾತ್ರ ಅಲ್ಲಾಡುತ್ತದೆ, ದೊಡ್ಡವರಾದ ಮೇಲೆ ಅದೂ ಇಲ್ಲ. ಅತ್ತೆಮನೆಯಲ್ಲಿ ತಿಂದ ತಿಂಡಿಯ ಹೆಸರು ಹೇಳಿಕೊಳ್ಳುತ್ತ ಬಂದ ಅಳಿಯ, ಕಾಲುವೆ ಹಾರುವಾಗ ಹೆಸರು ಕಳೆದುಕೊಂಡ ಜನಪದ ಕತೆ ನೆನಪಿರಬಹುದು. ಹೇಳಿಕೊಳ್ಳುವುದು ತಪ್ಪಿತು, ಮಾತು ಹೋಯಿತು.

ಇಂಪ್ಲಾಂಟ್ ಮಕ್ಕಳ ವಿಷಯದಲ್ಲಿ ಇದು ಯಾಕೆ ಮುಖ್ಯ ಎಂದರೆ, ಅವರಲ್ಲಿ ಈ ಕೆಲಸವೇ ನಿಧಾನ. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಡೇವಿಡ್ ಪಿಸೋನಿ ಮತ್ತು ಸಂಗಡಿಗರು 8–9 ವರ್ಷದ 176 ಇಂಪ್ಲಾಂಟ್ ಮಕ್ಕಳಿಗೆ ಅಂಕಿಗಳ ಸಾಲು ಓದಿ, ಹಾಗೇ ತಿರುಗಿ ಹೇಳಿಸಿದರು. ಆ ಮಕ್ಕಳು ತಪ್ಪಿಲ್ಲದೆ ತಿರುಗಿ ಹೇಳಿದ ಸಾಲು ಸಹಜವಾಗಿ ಕೇಳಿಸುವ ಮಕ್ಕಳದ್ದಕ್ಕಿಂತ ಚಿಕ್ಕದಾಗಿತ್ತು. ಯಾವ ಮಗು ವಾಕ್ಯವೊಂದನ್ನು ಬೇಗ ಹೇಳುತ್ತದೋ ಅದೇ ಹೆಚ್ಚು ಅಂಕಿಗಳನ್ನೂ ಹಿಡಿದಿಟ್ಟುಕೊಳ್ಳುತ್ತಿತ್ತು. ಬಾಯಿ ಓಡುವಷ್ಟೇ ವೇಗದಲ್ಲಿ ಒಳಗಿನ ಹೇಳಿಕೆಯೂ ಓಡುತ್ತದೆ ಎಂದು ಅವರು ಇದನ್ನು ಅರ್ಥ ಮಾಡಿಕೊಂಡರು. ಮಗು ಮರೆತಾಗ "ಗಮನವೇ ಇಲ್ಲ" ಎಂದು ಗದರುವವರಿಗೆ ಇಷ್ಟು ತಿಳಿದರೂ ನನ್ನ ಕೈಪಿಡಿ ಸಾರ್ಥಕ.

ಜೊತೆಗೆ, ಒಳಗೆ ಹೋಗುವ ಮಾತೇ ಮಸುಕು. ಸಹಜ ಕಿವಿಯಲ್ಲಿ, ಶಂಖದಂತೆ ಸುರುಳಿಯಾದ ಒಳಗಿವಿಯೊಳಗೆ, ಮಾತನ್ನು ಮಿದುಳಿಗೆ ಕಳಿಸುವ ಒಳಸಾಲಿನ ಕೂದಲುಕೋಶಗಳೇ ಸುಮಾರು 3,500 ಇರುತ್ತವೆ. ಇಂಪ್ಲಾಂಟಿನ ತಂತಿಯಲ್ಲಿರುವುದು ಸಾಮಾನ್ಯವಾಗಿ 12ರಿಂದ 22 ಎಲೆಕ್ಟ್ರೋಡು, ಅಂದರೆ ನರಕ್ಕೆ ವಿದ್ಯುತ್ ಮುಟ್ಟಿಸುವ ಬಿಂದುಗಳು. 'ಹಸು', 'ಹಾಸು' ನಡುವಿನ ಕಾಲದ ವ್ಯತ್ಯಾಸ ಅದರಲ್ಲಿ ಚೆನ್ನಾಗಿಯೇ ದಾಟುತ್ತದೆ. ನಾಲಿಗೆ ಎಲ್ಲಿ ತಾಗಿತು ಎಂಬುದರ ಮೇಲೆ ನಿಂತ 'ಹುಲಿ', 'ಹುಳಿ', 'ಮನೆ', 'ಮಣೆ' ಕಷ್ಟ. ಇನ್ನು ನಮ್ಮ ಅಂಕಿಗಳನ್ನೇ ನೋಡಿ. ಒಂದರಿಂದ ಒಂಬತ್ತರವರೆಗೆ ಎಲ್ಲವೂ ಉಕಾರದಲ್ಲೇ ಮುಗಿಯುತ್ತವೆ, ಮೂರು–ಆರು ಪ್ರಾಸ ಬೇರೆ. ಒಂದೇ ಥರ ಕೇಳಿಸುವ ಪದಗಳ ಸಾಲು ನೆನಪಿನಲ್ಲಿ ಬೇಗ ಕಲಸಿಹೋಗುತ್ತದೆ. ಹಾಗಾಗಿ ಅಂಕಿಗಳ ಸಾಲು ಹೇಳಿಸುವ ಇಂಗ್ಲಿಷಿನ ಆ ಪರೀಕ್ಷೆಯನ್ನು ಸುಮ್ಮನೆ ಕನ್ನಡಕ್ಕೆ ತಿರುಗಿಸಿ ಅಂಕ ಹಾಕುವುದು ನನಗೆ ಸರಿ ಕಾಣುವುದಿಲ್ಲ.

ಈಗ ಪದಕ್ಕೆ ಬರುತ್ತೇನೆ.

'ಮೆಲುಕು' ಮೊದಲು ಹೊಳೆದದ್ದು. ಆದರೆ ಮೆಲುಕು ಬಿಡುವಿನ ಕೆಲಸ; ತಿಂದು ಎಷ್ಟೋ ಹೊತ್ತಾದ ಮೇಲೆ ಮಲಗಿ ಹಾಕುವುದು. ಇಲ್ಲಿ ಇರುವುದು ಕೆಲವು ಸೆಕೆಂಡು ಮಾತ್ರ. 'ಉರು ಹೊಡೆ' ಎಂದರೆ ಮಗ್ಗಿ, ಪರೀಕ್ಷೆ. ಅದು ಬಹುಕಾಲ ಉಳಿಸಿಕೊಳ್ಳಲು. 'ಗುನುಗು' ಹಾಡಿನ ಕಡೆಗೆ ಎಳೆಯುತ್ತದೆ. ತುಂಬ ಹತ್ತಿರ ಬಂದದ್ದು 'ಜಪ'. ವಾಚಿಕ, ಉಪಾಂಶು, ಮಾನಸ ಎಂದು ಜಪದಲ್ಲಿ ಮೂರು ಬಗೆ: ಕೇಳುವಂತೆ, ತುಟಿಯಲ್ಲಿ, ಮನಸ್ಸಿನಲ್ಲಿ. ಅಂಗಡಿಗೆ ಹೋಗುವ ಮಗು ಬೆಳೆಯುತ್ತ ದಾಟುವ ಮೂರು ಮೆಟ್ಟಿಲೂ ಇವೇ. ಇಷ್ಟು ಚೆನ್ನಾಗಿ ಹೊಂದುವ ಪದವನ್ನು ಬಿಡಲು ಮನಸ್ಸಿಲ್ಲ. ಆದರೆ ಜಪ ಎಂದ ಕೂಡಲೇ ಜಪಮಣಿ ಕಣ್ಣಿಗೆ ಬರುತ್ತದೆ, ಮತ್ತು ಈ ಕೈಪಿಡಿ ಎಲ್ಲ ಮನೆಗಳಿಗೂ ಹೋಗಬೇಕು.

ಸದ್ಯಕ್ಕೆ 'ಒಳಗೇ ಹೇಳಿಕೊಳ್ಳುವುದು' ಎಂದು ಇಟ್ಟಿದ್ದೇನೆ. 'ಕೊಳ್ಳು' ಸೇರಿದೊಡನೆ ತನಗಾಗಿ, ತನ್ನೊಳಗೆ ಎಂಬುದು ತಾನಾಗಿ ಬರುತ್ತದೆ. ಆ ತಾಯಿಗೂ ಇದು ತಕ್ಷಣ ತಿಳಿಯಿತು. ಕೊರತೆ ಎರಡು. ಕಷ್ಟಸುಖ ತೋಡಿಕೊಳ್ಳುವುದಕ್ಕೂ 'ಹೇಳಿಕೊಳ್ಳು' ಎನ್ನುತ್ತೇವೆ. ಮತ್ತೆ, ಇದರಿಂದ ಗಟ್ಟಿ ನಾಮಪದ ಹುಟ್ಟುವುದಿಲ್ಲ. 'ಒಳಹೇಳಿಕೆ' ಎಂದರೆ ಪೊಲೀಸ್ ಹೇಳಿಕೆಯ ವಾಸನೆ. 'ಒಳನುಡಿತ' ಎನ್ನಬಹುದೇ? ಬಾಯಿಗೆ ಹಗುರ, ಆದರೆ ಯಾರೂ ಆಡಿ ನಾನು ಕೇಳಿಲ್ಲ.

ನನಗೆ ಆಡುನುಡಿಯ ಪದವೇ ಬೇಕು. ಧಾರವಾಡ, ಕಲಬುರಗಿ ಕಡೆಯವರು, ಕುಂದಾಪುರದವರು, ಹವ್ಯಕರು, ಕೊಳ್ಳೇಗಾಲದವರು ದಯವಿಟ್ಟು ನೆನಪಿಸಿಕೊಳ್ಳಿ: ಪಟ್ಟಿ ಬರೆದುಕೊಡದೆ ನಿಮ್ಮನ್ನು ಅಂಗಡಿಗೆ ಅಟ್ಟುವಾಗ, ಮರೆಯಬಾರದೆಂದು ದಾರಿಯಲ್ಲಿ ಏನು ಮಾಡುತ್ತ ಹೋಗು ಎಂದು ನಿಮ್ಮಮ್ಮ ಹೇಳುತ್ತಿದ್ದರು?