‘ಬ್ರಿಂಗ್ ಫಾರ್ವರ್ಡ್’ ಎಂದರೆ ಮುಂದಕ್ಕೋ, ಹಿಂದಕ್ಕೋ?

ಹೊಸ ಓದುಗ: ಶುಕ್ರವಾರ ನನಗೊಂದು ಸಂದರ್ಶನವಿತ್ತು. ಅದನ್ನು ಬುಧವಾರಕ್ಕೆ ‘ಬ್ರಾಟ್ ಫಾರ್ವರ್ಡ್’ ಮಾಡಲಾಗಿದೆ ಎಂಬ ಇಂಗ್ಲಿಷ್ ಸಂದೇಶ ಬಂತು. ಮುಂದಕ್ಕೆ ಹಾಕಿದ್ದಾರೆ, ಅಂದರೆ ಮುಂದಿನ ವಾರದ ಬುಧವಾರ ಎಂದುಕೊಂಡು ನಿಶ್ಚಿಂತೆಯಿಂದ ಕುಳಿತೆ. ಅವರು ಹೇಳಿದ್ದು ಅದೇ ವಾರದ ಬುಧವಾರ! ಕೆಲಸ ಕೈತಪ್ಪಿತು. ‘ಫಾರ್ವರ್ಡ್’ ಎಂದರೆ ಮುಂದೆ ಎಂದಲ್ಲವೇ?

ಅನುವಾದಕಿ: ಓದಿ ನನಗೂ ಸಂಕಟವಾಯಿತು. ಆದರೆ ದಿನಾಂಕದ ವಿಷಯದಲ್ಲಿ ‘ಬ್ರಿಂಗ್ ಫಾರ್ವರ್ಡ್’ ಎಂದರೆ ನಿಗದಿಗಿಂತ ಮೊದಲೇ ನಡೆಸುವುದು ಎಂದೇ ಅರ್ಥ. ಮುಂದೂಡುವುದಕ್ಕೆ ‘ಪುಟ್ ಆಫ್’ ಎನ್ನುತ್ತಾರೆ.

ಮೇಷ್ಟರು: ಇಂಥವನ್ನು ಬಾಯಿಪಾಠ ಮಾಡಬೇಕು, ತರ್ಕ ಹುಡುಕಬಾರದು. ಕ್ರಿಯಾಪದಕ್ಕೆ ಪುಟ್ಟ ಪದವೊಂದು ಅಂಟಿಕೊಂಡು ಅರ್ಥವೇ ಬದಲಾಗುವ ಈ ಬಗೆ ಪರಭಾಷಿಕರಿಗೆ ಬಹಳ ಕಷ್ಟವೆಂದು ಸ್ಯಾಮ್ಯುಯೆಲ್ ಜಾನ್ಸನ್ 1755ರ ತಮ್ಮ ನಿಘಂಟಿನ ಮುನ್ನುಡಿಯಲ್ಲೇ ಬರೆದಿದ್ದಾರೆ.

ಅನುವಾದಕಿ: ಕಷ್ಟ ನಿಜ ಮೇಷ್ಟರೇ, ತರ್ಕವಿಲ್ಲ ಎಂಬುದನ್ನು ಮಾತ್ರ ಒಪ್ಪಲಾರೆ. ‘ಬ್ರಿಂಗ್’ ಎಂದರೆ ತರು. ತರುವುದು ನಮ್ಮ ಕಡೆಗೆ. ದೂರದ ಶುಕ್ರವಾರದಲ್ಲಿದ್ದ ಸಂದರ್ಶನವನ್ನು ಹತ್ತಿರದ ಬುಧವಾರಕ್ಕೆ ತಂದರು. ‘ಪುಟ್ ಆಫ್’ನಲ್ಲಿ ಆಚೆಗೆ ಇಡುತ್ತಾರೆ.

ಲೆಕ್ಕಿಗ: ಲೆಕ್ಕದ ಪುಸ್ತಕದಲ್ಲಿ ‘ಬ್ರಾಟ್ ಫಾರ್ವರ್ಡ್’ ಎಂದರೆ ಹಿಂದಿನ ಪುಟದ ಶಿಲ್ಕು ಈ ಪುಟಕ್ಕೆ ಬಂದದ್ದು. ಅಲ್ಲಿ ಹಳೆಯದು ಹೊಸದರತ್ತ ಸಾಗುತ್ತದೆ. ನಿಮ್ಮ ಸೂತ್ರ ತಲೆಕೆಳಗಾಯಿತಲ್ಲ?

ಅನುವಾದಕಿ: ಇಲ್ಲ ಸರ್. ನೀವು ಲೆಕ್ಕ ಬರೆಯುತ್ತಿರುವುದು ಈ ಪುಟದಲ್ಲಿ. ಶಿಲ್ಕು ಬಂದದ್ದು ನಿಮ್ಮ ಕಡೆಗೇ.

ಮೇಷ್ಟರು: ಹಾಗಾದರೆ ‘ಮೂವ್ ಫಾರ್ವರ್ಡ್’ಗೆ ಏನು ಹೇಳುತ್ತೀರಿ? ಬುಧವಾರದ ಸಭೆಯನ್ನು ಎರಡು ದಿನ ‘ಮೂವ್ ಫಾರ್ವರ್ಡ್’ ಮಾಡಿದರೆ ಅದು ಯಾವ ದಿನ? ಇಂಗ್ಲಿಷ್ ಮನೆಮಾತಿನವರಲ್ಲೇ ಕೆಲವರು ಸೋಮವಾರ ಎನ್ನುತ್ತಾರೆ, ಕೆಲವರು ಶುಕ್ರವಾರ ಎನ್ನುತ್ತಾರೆ. ಮನೋವಿಜ್ಞಾನಿಗಳು ಇದೇ ಪ್ರಶ್ನೆಯನ್ನು ಪ್ರಯೋಗಗಳಲ್ಲಿ ಕೇಳಿದ್ದಾರೆ.

ಅನುವಾದಕಿ: ಅದು ನನ್ನ ಮಾತಿಗೇ ಬಲ ಕೊಡುತ್ತದೆ! ‘ಮೂವ್’ ಎಂದರೆ ಬರೀ ಸರಿಸುವುದು. ಅದು ಇತ್ತ ಕಡೆಗೋ ಅತ್ತ ಕಡೆಗೋ ಎಂಬ ಸುಳಿವು ಆ ಪದದಲ್ಲಿಲ್ಲ. ‘ಬ್ರಿಂಗ್’ನಲ್ಲಿ ಇದೆ.

ಪದಪ್ರೇಮಿ: ಕನ್ನಡದಲ್ಲೂ ಈ ತೊಡಕು ಇದೆ. ‘ಮುಂಚೆ’, ‘ಮುನ್ನ’ ಎಂದರೆ ಮೊದಲು. ‘ಮುಂದೆ’ ಎಂದರೆ ಆಮೇಲೆ. ಮೂರಕ್ಕೂ ಬೇರು ಒಂದೇ, ‘ಮುನ್’. ಹುಟ್ಟಿದಾಗಿನಿಂದ ಆಡುತ್ತಿರುವುದರಿಂದ ನಮಗೆ ಗೊಂದಲವಾಗುವುದಿಲ್ಲ, ಅಷ್ಟೇ.

ಮೇಷ್ಟರು: ಇದು ನನಗೆ ಹೊಳೆದಿರಲಿಲ್ಲ. ನಾಳೆ ತರಗತಿಯಲ್ಲಿ ‘ತರು’ ಎಂಬುದರಿಂದಲೇ ಪಾಠ ಶುರು ಮಾಡಿ ನೋಡುತ್ತೇನೆ.

ಹೊಸ ಓದುಗ: ಆ ಸಂದೇಶವನ್ನು ಈಗ ಮತ್ತೆ ತೆರೆದು ಓದಿದೆ. ಅಂದು ‘ಬ್ರಾಟ್’ ಎಂಬ ಪದವನ್ನು ಗಮನಿಸಿಯೇ ಇರಲಿಲ್ಲ. ಕಣ್ಣು ‘ಫಾರ್ವರ್ಡ್’ ಮೇಲೆ ನಿಂತುಬಿಟ್ಟಿತ್ತು.