ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಮೆಮೊರಿ ದೋಷದ ವರದಿ ಎಲ್ಲಿ ದಾರಿ ತಪ್ಪುತ್ತದೆ?

ಪ್ರಶ್ನೆ ಕೇಳಿದವರು:
ಒಂದು ಎಕ್ಸ್86 (ಇಂಟೆಲ್ ಮಾದರಿಯ ಪ್ರೊಸೆಸರ್) ಬೋರ್ಡ್‌ಗಾಗಿ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ ಮೆಮೊರಿ ದೋಷ ವರದಿ ಮಾಡುವ ಡ್ರೈವರನ್ನು ನಾವೇ ಬರೆದಿದ್ದೇವೆ. ಎರಡು ವಾರಗಳಿಂದ ಇಸಿಸಿ (ಮೆಮೊರಿಯಲ್ಲಿ ತಪ್ಪಿದ ಬಿಟ್ ಹಿಡಿದು ತಿದ್ದುವ ವ್ಯವಸ್ಥೆ) ಹಿಡಿದ ದೋಷಗಳು ಕಾಣಿಸಿಕೊಳ್ಳುತ್ತಿವೆ. ಎಲ್ಲವೂ ಹಾರ್ಡ್‌ವೇರ್ ತಾನೇ ಸರಿಪಡಿಸಿಕೊಂಡವು. ಲಾಗ್ ಹೆಚ್ಚುಕಡಿಮೆ ಪ್ರತಿ ಸಲವೂ ಮೊದಲ ಚಾನೆಲ್‌ನ (ಮೆಮೊರಿಗೆ ಹೋಗುವ ಒಂದು ದಾರಿ) ಮಾಡ್ಯೂಲ್‌ನತ್ತಲೇ, ಅಂದರೆ ಅಲ್ಲಿನ ಮೆಮೊರಿ ಪಟ್ಟಿಯತ್ತಲೇ, ಬೆರಳು ತೋರಿಸುತ್ತದೆ. ಅದನ್ನು ಎರಡು ಬಾರಿ ಬದಲಿಸಿದೆವು, ದೋಷ ನಿಂತಿಲ್ಲ. ಇಂಥದ್ದನ್ನು ಕಂಡವರು ಎಲ್ಲಿಂದ ಹುಡುಕಲು ಶುರು ಮಾಡಿದಿರಿ?

ಡ್ರೈವರ್ ಬರೆಯುವವರೊಬ್ಬರು:
ಮಾಡ್ಯೂಲ್ ಮುಟ್ಟುವ ಮೊದಲು, ಪ್ರೊಸೆಸರ್ ದೋಷದ ವಿವರ ಬರೆದಿಡುವ ಸ್ಟೇಟಸ್ ರಿಜಿಸ್ಟರ್ ಓದಿ. ಸೊನ್ನೆಯಿಂದ ಎಣಿಸುವ 64 ಬಿಟ್‌ಗಳಲ್ಲಿ 63ನೆಯದು ದಾಖಲೆ ಇದೆ ಎನ್ನುತ್ತದೆ, 61ನೆಯದು ದೋಷ ಸರಿಹೋಗಿಲ್ಲ ಎನ್ನುತ್ತದೆ. ನಾನು ಎಡವಿದ್ದು 58ನೆಯದರಲ್ಲಿ. ಅದು 1 ಇದ್ದರೆ ಮಾತ್ರ ವಿಳಾಸದ ರಿಜಿಸ್ಟರಿನಲ್ಲಿರುವುದಕ್ಕೆ ಅರ್ಥವಿದೆ. ನನ್ನ ಕೋಡ್ ಅದನ್ನು ನೋಡದೆ ಅಲ್ಲಿ ಸಿಕ್ಕ ಸಂಖ್ಯೆಯನ್ನು ಹಾಗೆಯೇ ಅಚ್ಚು ಹಾಕುತ್ತಿತ್ತು, ಅದೂ ಹದಿನಾರು ಅಂಕಿಗಳ ಠೀವಿಯಲ್ಲಿ. ಓದಿದವರು ಯಾರು ತಾನೇ ಅನುಮಾನಿಸುತ್ತಾರೆ?

ವಿಳಾಸ ಇದ್ದರೂ ಅದರ ಎಲ್ಲ ಅಂಕಿಗಳನ್ನು ನಂಬುವಂತಿಲ್ಲ. ಇಂಟೆಲ್ ಪ್ರೊಸೆಸರ್‌ಗಳಲ್ಲಿ ಮಿಸ್ಕ್ ಎಂಬ ಹೆಚ್ಚುವರಿ ವಿವರದ ರಿಜಿಸ್ಟರಿನ ಕೊನೆಯ ಆರು ಬಿಟ್‌ಗಳು ವಿಳಾಸ ಎಷ್ಟು ನಿಖರ ಎಂಬುದನ್ನು ಹೇಳುತ್ತವೆ. ಅಲ್ಲಿ 6 ಇದ್ದರೆ 64 ಬೈಟ್‌ಗಳ ಒಂದು ಸಾಲು, 12 ಇದ್ದರೆ 4096 ಬೈಟ್‌ಗಳ ಇಡೀ ಪುಟ. ಆದರೆ ಸ್ಟೇಟಸ್‌ನ 59ನೇ ಬಿಟ್ 1 ಇಲ್ಲದಿದ್ದರೆ ಆ ರಿಜಿಸ್ಟರನ್ನೂ ಓದುವಂತಿಲ್ಲ. 62ನೇ ಬಿಟ್ 1 ಇದ್ದರೆ, ಹಳೆಯ ದಾಖಲೆಯನ್ನು ಯಾರೂ ಓದುವ ಮೊದಲೇ ಇನ್ನೊಂದು ದೋಷ ಬಂದಿದೆ ಎಂದರ್ಥ. ಆಗ ‘ಒಂದು ದೋಷ’ ಎಂದು ಬರೆಯಬೇಡಿ, ‘ಕನಿಷ್ಠ’ ಎಂಬ ಪದ ಸೇರಿಸಿ. ವಿಳಾಸ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ಲಾಗ್‌ನಲ್ಲಿ ಬರಲಿ, ಅದರಲ್ಲಿ ನಾಚಿಕೆಯೇನೂ ಇಲ್ಲ.

ಸರ್ವರ್‌ಗಳ ರಿಪೇರಿ ನೋಡಿಕೊಳ್ಳುವವರು:
ಮೇಲಿನವರು ಹೇಳಿದ್ದು ಸರಿ, ಆದರೆ ವಿಳಾಸ ಸರಿಯಿದ್ದೂ ಸ್ಲಾಟ್ ತಪ್ಪುವುದುಂಟು. ಮೆಮೊರಿ ಕಂಟ್ರೋಲರ್ ಅಕ್ಕಪಕ್ಕದ ವಿಳಾಸಗಳನ್ನು ಚಾನೆಲ್‌ಗಳಿಗೆ ಹಂಚಿಬಿಡುವುದರಿಂದ, ಲೆಕ್ಕದಲ್ಲಿ ಒಂದು ಬಿಟ್ ಆಚೀಚೆಯಾದರೆ ಪಕ್ಕದ ಮಾಡ್ಯೂಲ್‌ಗೆ ಶಿಕ್ಷೆ. ಬೋರ್ಡ್ ಮೇಲೆ ಅಚ್ಚಾದ ಸ್ಲಾಟ್ ಹೆಸರಿಗೂ ಫರ್ಮ್‌ವೇರ್ (ಬೋರ್ಡ್‌ನಲ್ಲೇ ಇರುವ ತಂತ್ರಾಂಶ) ಕೊಡುವ ಹೆಸರಿಗೂ ತಾಳೆಯಾಗದ್ದನ್ನು ನಾನೇ ಕಂಡಿದ್ದೇನೆ. ಪರೀಕ್ಷೆ ಸರಳ. ಅನುಮಾನವಿರುವ ಮಾಡ್ಯೂಲನ್ನು ಬೇರೆ ಚಾನೆಲ್‌ನ ಮಾಡ್ಯೂಲ್‌ನೊಂದಿಗೆ ಅದಲುಬದಲು ಮಾಡಿ. ದೋಷ ಅದರ ಜೊತೆಗೆ ಹೋದರೆ ಮಾಡ್ಯೂಲ್‌ನದು. ಅಲ್ಲೇ ಉಳಿದರೆ ಸ್ಲಾಟ್, ಕಂಟ್ರೋಲರ್ ಅಥವಾ ನಿಮ್ಮ ಕೋಡ್. ಫರ್ಮ್‌ವೇರ್ ಅನುಮತಿಸಿದರೆ ಎಪಿಇಐನ (ಫರ್ಮ್‌ವೇರ್ ಮತ್ತು ಕರ್ನಲ್ ನಡುವಿನ ದೋಷ ವರದಿಯ ಕೊಂಡಿ) ದೋಷ ಹುಟ್ಟಿಸುವ ಸೌಲಭ್ಯವಾದ ಇಐಎನ್‌ಜೆ ಮೂಲಕ ಗೊತ್ತಿರುವ ವಿಳಾಸದಲ್ಲಿ ಬೇಕೆಂದೇ ದೋಷ ಹುಟ್ಟಿಸಿ ಲಾಗ್ ಯಾವ ಸ್ಲಾಟ್ ಹೇಳುತ್ತದೆ ಎಂದು ನೋಡಬಹುದು.

ಇನ್ನೊಂದು ಮಾತು. ಕೆಲವು ಯಂತ್ರಗಳಲ್ಲಿ ಫರ್ಮ್‌ವೇರ್ ದೋಷಗಳನ್ನು ಮೊದಲು ತಾನು ಹಿಡಿದಿಟ್ಟುಕೊಂಡು, ಒಂದು ಮಿತಿ ದಾಟಿದ ಮೇಲಷ್ಟೇ ಕರ್ನಲ್‌ಗೆ ತಿಳಿಸುತ್ತದೆ. ಡಿಡಿಆರ್5 ಮೆಮೊರಿ ಚಿಪ್‌ಗಳು ತಮ್ಮೊಳಗೇ ಸರಿಪಡಿಸಿಕೊಂಡದ್ದು ಕಂಟ್ರೋಲರ್‌ವರೆಗೆ ದೋಷವಾಗಿ ಬರುವುದೇ ಇಲ್ಲ. ಎಣಿಕೆ ಸೊನ್ನೆ ಎಂದರೆ ನಿಮಗೆ ಸುದ್ದಿ ಬಂದಿಲ್ಲ, ಅಷ್ಟೇ.

ಡೇಟಾಬೇಸ್ ಕಡೆಯವರು:
ನಾವು ಈ ವರದಿಯ ಫಲ ಉಣ್ಣುವವರು. ಸರಿಹೋಗದ ದೋಷ ಬಂದರೆ ಕರ್ನಲ್ ಆ ಪುಟವನ್ನು ಬಳಕೆಯಿಂದ ತೆಗೆಯುತ್ತದೆ. ಕೆಟ್ಟ ಪುಟವನ್ನು ನಮ್ಮ ಪ್ರೋಗ್ರಾಂ ಮುಟ್ಟಿದರೆ ಸಿಗ್‌ಬಸ್ ಎಂಬ ಎಚ್ಚರಿಕೆಯ ಸಂಕೇತ ಕಳಿಸುತ್ತದೆ. ಅದರೊಂದಿಗೆ ಬರುವ ಒಂದು ಚಿಕ್ಕ ಸಂಖ್ಯೆ ಎಷ್ಟು ಜಾಗ ಹಾಳಾಗಿದೆ ಎಂದು ಹೇಳುತ್ತದೆ: 12 ಇದ್ದರೆ 4096 ಬೈಟ್, 21 ಇದ್ದರೆ 2 ಎಂಬಿಯ ದೊಡ್ಡ ಪುಟ. ಹಿಂದೊಮ್ಮೆ ಅದನ್ನು ಓದದೆ ಎಲ್ಲಕ್ಕೂ 4096 ಎಂದುಕೊಂಡು, ಡಿಸ್ಕ್‌ನಿಂದ ಅಷ್ಟನ್ನೇ ಮತ್ತೆ ಓದಿ ಮುಂದುವರಿದೆವು. ಕೆಲವೇ ಕ್ಷಣಗಳಲ್ಲಿ ಪಕ್ಕದ ಬೈಟ್ ಮುಟ್ಟಿ ಮತ್ತೆ ಅದೇ ಸಿಗ್‌ಬಸ್.

ಮೊದಲ ಉತ್ತರ ಕೊಟ್ಟವರು, ಮತ್ತೊಮ್ಮೆ:
ಮರೆತಿದ್ದೆ. ಒಂದೇ ಸೆಲ್ ಕೆಟ್ಟು ಸೆಕೆಂಡಿಗೆ ನೂರಾರು ಸಾಲು ಸುರಿಯತೊಡಗಿದರೆ ಸಂದೇಶಗಳಿಗೆ ಕಡಿವಾಣ ಹಾಕಿ, ಎಣಿಕೆಗೆ ಬೇಡ. ಮೆಷಿನ್ ಚೆಕ್ (ಪ್ರೊಸೆಸರ್ ಕೊಡುವ ಹಾರ್ಡ್‌ವೇರ್ ದೋಷದ ಕರೆ) ಹ್ಯಾಂಡ್ಲರ್ ಒಳಗೆ, ಒಂದು ಸಮಯಕ್ಕೆ ಒಬ್ಬರಿಗಷ್ಟೇ ದಾರಿ ಬಿಡುವ ಲಾಕ್ ಹಿಡಿಯಲೂ ಹೋಗಬೇಡಿ. ಕರ್ನಲ್ ಅದೇ ಲಾಕ್ ಹಿಡಿದಿರುವಾಗಲೇ ಮೆಷಿನ್ ಚೆಕ್ ಬಂದರೆ ಯಂತ್ರ ಅಲ್ಲೇ ಕಲ್ಲಾಗುತ್ತದೆ. ದಾಖಲೆಯನ್ನು ಮೊದಲೇ ಕಾದಿರಿಸಿದ ಜಾಗದಲ್ಲಿಟ್ಟು ಆಮೇಲೆ ಅಚ್ಚು ಹಾಕಿ.

ಪ್ರಶ್ನೆ ಕೇಳಿದವರು:
ನೋಡಿದೆವು. ಉಳಿಸಿಟ್ಟ 11 ದಾಖಲೆಗಳಲ್ಲಿ 9ರಲ್ಲಿ 58ನೇ ಬಿಟ್ 0, ವಿಳಾಸದ ರಿಜಿಸ್ಟರೂ ಸೊನ್ನೆ. ಆ ಸೊನ್ನೆಯನ್ನು ನಮ್ಮ ಕೋಡ್ ಶ್ರದ್ಧೆಯಿಂದ ಲೆಕ್ಕ ಹಾಕಿ ಪ್ರತಿ ಸಲವೂ ಮೊದಲ ಚಾನೆಲ್‌ಗೆ ಕಟ್ಟಿದೆ. ಉಳಿದ ಎರಡರಲ್ಲಿ ವಿಳಾಸ ನಿಜವಾಗಿಯೂ ಇದೆ. ಎರಡೂ ನಾಲ್ಕನೇ ಚಾನೆಲ್‌ನವು. ಇಂದು ರಾತ್ರಿ ಅಲ್ಲಿನ ಮಾಡ್ಯೂಲನ್ನು ಅದಲುಬದಲು ಮಾಡಿ ನೋಡುತ್ತೇವೆ. ಕಿತ್ತಿಟ್ಟ ಎರಡು ಮಾಡ್ಯೂಲ್‌ಗಳ ಮೇಲೆ ‘ಹಾಳು’ ಎಂದು ಅಂಟಿಸಿದ್ದ ಚೀಟಿಗಳನ್ನು ಈಗಷ್ಟೇ ಕಿತ್ತು ಹಾಕಿದೆ.